ಅಮ್ಮನ ಚಕ್ರಸರ ಎಷ್ಟು ಕ್ಯಾರೆಟ್? ಎಲ್ಲಿ ಮುಟ್ಟಿ ನೋಡಿದ್ದೀರಿ ಅನ್ನುವುದರ ಮೇಲೆ ಉಂಟು

ಮಳೆ ಹಿಡಿಯುವ ಮೊದಲು ಮನೆಯ ಮಾಡು ರಿಪೇರಿ ಮಾಡಿಸಬೇಕಿತ್ತು. ಕೈಯಲ್ಲಿ ದುಡ್ಡಿರಲಿಲ್ಲ. ಅಮ್ಮನ ಚಕ್ರಸರ ತೆಗೆದುಕೊಂಡು ಉಡುಪಿಯ ಒಂದು ಬ್ಯಾಂಕಿಗೆ ಹೋದೆ. 40 ಗ್ರಾಂ ಸರ. ಅಮ್ಮನ ಲೆಕ್ಕದಲ್ಲಿ ಐದು ಪವನು, ಅಪ್ಪಟ 22 ಕ್ಯಾರೆಟ್. ಬ್ಯಾಂಕಿನ ಸರಾಫರು ಕೊಕ್ಕೆಯ ಹತ್ತಿರ ಹಿಡಿದು ಕಪ್ಪು ಕಲ್ಲಿನ ಮೇಲೆ ಎರಡು ಸಲ ಉಜ್ಜಿದರು, ಒಂದು ಹನಿ ಆಸಿಡ್ ಬಿಟ್ಟರು, ಕಣ್ಣು ಕಿರಿದು ಮಾಡಿ ನೋಡಿದರು. "20 ಕ್ಯಾರೆಟ್" ಅಂದರು. ಎರಡು ನಿಮಿಷವೂ ಆಗಿರಲಿಲ್ಲ.

ಎರಡು ಕ್ಯಾರೆಟ್ ಅಂದರೆ ಎಷ್ಟು ಮಹಾ ಅನಿಸಬಹುದು. ಲೆಕ್ಕ ಹಾಕಿ ನೋಡಿ. ಕ್ಯಾರೆಟ್ ಅಂದರೆ 24ರಲ್ಲಿ ಎಷ್ಟು ಪಾಲು ಚಿನ್ನ ಎಂದು ಅಷ್ಟೆ. 40 ಗ್ರಾಂ ಸರ 22 ಕ್ಯಾರೆಟ್ ಆದರೆ ಅದರಲ್ಲಿ 36.67 ಗ್ರಾಂ ಚಿನ್ನ ಇದೆ, 20 ಆದರೆ 33.33 ಗ್ರಾಂ. ಮೂರು ಗ್ರಾಂ ಚಿಲ್ಲರೆ ಗಾಳಿಗೆ ಹೋಯಿತು. 10 ಗ್ರಾಂ ಅಪ್ಪಟ ಚಿನ್ನ 2025ರ ಏಪ್ರಿಲ್‌ನಲ್ಲೇ ಒಂದು ಲಕ್ಷ ದಾಟಿದ್ದು ನೆನಪಿದೆ ಅಲ್ವಾ. ಲೆಕ್ಕ ಸುಲಭವಾಗಲಿ ಎಂದು ಗ್ರಾಂಗೆ 10 ಸಾವಿರ ಅಂತಲೇ ಹಿಡಿದರೂ 33 ಸಾವಿರ ರೂಪಾಯಿ ವ್ಯತ್ಯಾಸ. ಒಂದೇ ಸರ, ಒಂದೇ ತೂಕ, ಬದಲಾದದ್ದು ಸರಾಫರ ಬಾಯಿಂದ ಬಂದ ಒಂದು ಸಂಖ್ಯೆ ಮಾತ್ರ.

ಅಣ್ಣನಿಗೆ ಫೋನು ಮಾಡಿದರೆ "ಮೋಸ ಮಾರಾಯ, ಬಿಡಬೇಡ" ಅಂದ. ನನಗೂ ಹಾಗೇ ಅನಿಸಿತ್ತು. ಆಮೇಲೆ ನಾಲ್ಕು ದಿನ ಅಲೆದಾಡಿ, ಓದಿ, ಒಂದಿಬ್ಬರು ಆಚಾರಿಗಳ ಹತ್ತಿರ ಕೂತು ಕೇಳಿದ ಮೇಲೆ ಗೊತ್ತಾಯಿತು, ವಿಷಯ ಅಷ್ಟು ಸರಳ ಇಲ್ಲ. ಒಡವೆಯ ಶುದ್ಧತೆ ಅಂತ ನಾವು ಒಂದು ಸಂಖ್ಯೆ ಹೇಳುತ್ತೇವಲ್ಲ, ಅದು ಯಾವ ವಿಧಾನದಲ್ಲಿ ನೋಡಿದರು, ಒಡವೆಯ ಯಾವ ಜಾಗ ನೋಡಿದರು ಅನ್ನುವುದನ್ನು ಬಿಟ್ಟು ಇರುವುದೇ ಇಲ್ಲ. ಅದನ್ನು ಕೇಳದೆ "ಎಷ್ಟು ಕ್ಯಾರೆಟ್" ಅಂತ ಮಾತ್ರ ಕೇಳುವುದು ನಮ್ಮೆಲ್ಲರ ಅಭ್ಯಾಸ.

ಮೊದಲು ಕಲ್ಲಿನ ವಿಷಯ. ಒರೆಗಲ್ಲು ಅಂದರೆ ನಯವಾದ ಕಪ್ಪು ಕಲ್ಲು. ಚಿನ್ನ ಉಜ್ಜಿದರೆ ಗೆರೆ ಬೀಳುತ್ತದೆ. ಪಕ್ಕದಲ್ಲಿ ಶುದ್ಧತೆ ಗೊತ್ತಿರುವ ಚಿನ್ನದ ಕಡ್ಡಿಯಿಂದ ಇನ್ನೊಂದು ಗೆರೆ ಎಳೆಯುತ್ತಾರೆ. ಎರಡರ ಮೇಲೂ ಆಸಿಡ್ ಹಾಕಿದರೆ ತಾಮ್ರ, ಬೆಳ್ಳಿ ಜಾಸ್ತಿ ಇರುವ ಗೆರೆ ಬೇಗ ಮಾಸುತ್ತದೆ. ಎರಡನ್ನೂ ಹೋಲಿಸಿ ನೋಡುವ ಕಣ್ಣು ಬೇಕು, ಅದು ವರ್ಷಗಟ್ಟಲೆ ಕೂತರೆ ಬರುವಂಥದ್ದು. ಪಳಗಿದ ಸರಾಫರು ಒಂದು ಕ್ಯಾರೆಟ್ ಆಚೀಚೆಯಲ್ಲಿ ಹೇಳಿಬಿಡುತ್ತಾರೆ, ಸುಮ್ನೆ ಅಲ್ಲ ಅದು. ಆದರೆ ಅವರು ನೋಡಿದ್ದು ಉಜ್ಜಿದ ಜಾಗದ ಚಿನ್ನವನ್ನು ಮಾತ್ರ. ನಮ್ಮ ಸರದಲ್ಲಿ ಉಜ್ಜಿದ್ದು ಎಲ್ಲಿ? ಕೊಕ್ಕೆಯ ಹತ್ತಿರ. ಬೆಸುಗೆ ಎಲ್ಲಕ್ಕಿಂತ ಜಾಸ್ತಿ ಇರುವುದೂ ಅಲ್ಲೇ.

ಬೆಸುಗೆಯ ಕಥೆ ಸ್ವಲ್ಪ ಹೇಳಬೇಕು, ಯಾಕೆಂದರೆ ಹಳೆ ಒಡವೆಯ ಜಗಳ ಅರ್ಧ ಅಲ್ಲಿಂದಲೇ ಶುರುವಾಗುವುದು. ಎರಡು ಕೊಂಡಿ ಸೇರಿಸುವ ಬೆಸುಗೆ, ಕೊಂಡಿಗಿಂತ ಕಡಿಮೆ ಬಿಸಿಗೇ ಕರಗಬೇಕು, ಇಲ್ಲದಿದ್ದರೆ ಕೊಂಡಿಯೇ ಕರಗಿ ಹೋಗುತ್ತದೆ. ಹಾಗಾಗಿ ಹಿಂದೆ ಆಚಾರಿಗಳು ಬೆಸುಗೆಗೆ ಬೆಳ್ಳಿ, ತಾಮ್ರ ಜಾಸ್ತಿ ಹಾಕುತ್ತಿದ್ದರು. ಚಕ್ರಸರದಂಥ ಒಡವೆಯಲ್ಲಿ ಎಷ್ಟು ಕೊಂಡಿಯೋ ಅಷ್ಟು ಬೆಸುಗೆ. ಕೊಂಡಿ 22 ಕ್ಯಾರೆಟ್‌ನದ್ದೇ ಆಗಿದ್ದರೂ ಇಡೀ ಸರ ಕರಗಿಸಿದಾಗ 22 ಬರುವುದಿಲ್ಲ. ಇದಕ್ಕೆ ಪರಿಹಾರ ಎಂದು ಬಂದದ್ದು ಕ್ಯಾಡ್ಮಿಯಂ. 92 ಪಾಲು ಚಿನ್ನಕ್ಕೆ 8 ಪಾಲು ಕ್ಯಾಡ್ಮಿಯಂ ಸೇರಿಸಿದರೆ ಬೆಸುಗೆಯೂ ಬೇಗ ಕರಗುತ್ತದೆ, ಶುದ್ಧತೆಯೂ ಇಳಿಯುವುದಿಲ್ಲ. ಅದೇ 'ಕೆಡಿಎಂ'. ಈಗಲೂ ಎಷ್ಟೋ ಜನ "ನಮ್ಮದು ಕೆಡಿಎಂ ಚಿನ್ನ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಕೆಡಿಎಂ ಶುದ್ಧತೆಯ ಮುದ್ರೆಯೇ ಅಲ್ಲ, ಬೆಸುಗೆಯ ಹೆಸರು. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ, ಆ ಹೊಗೆ ವಿಷ, ಕುಡಿದವರು ಊದುಕೊಳವೆ ಹಿಡಿದು ಕೂತ ಆಚಾರಿಗಳು. ಹಾಗಾಗಿ ಅದನ್ನು ಬಿಡಿಸಿದರು, ಈಗ ಸತು ಮತ್ತು ಬೇರೆ ಲೋಹ ಸೇರಿಸುತ್ತಾರೆ.

ಹಳೆ ಒಡವೆಯ ವಿಷಯಕ್ಕೆ ಇನ್ನೊಂದು ಇತಿಹಾಸವೂ ಇದೆ. 1963ರಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ 14 ಕ್ಯಾರೆಟ್‌ಗಿಂತ ಜಾಸ್ತಿ ಶುದ್ಧತೆಯ ಒಡವೆ ಮಾಡಲೇಬಾರದು ಅಂತ ನಿಯಮ ತಂದರು. ದೇಶದಾದ್ಯಂತ ಚಿನ್ನದ ಕೆಲಸದವರ ಹೊಟ್ಟೆಗೆ ಪೆಟ್ಟು ಬಿತ್ತು. ಆಮೇಲೆ 1968ರ ಚಿನ್ನ ನಿಯಂತ್ರಣ ಕಾಯ್ದೆ. ಅದು ರದ್ದಾದದ್ದು 1990ರಲ್ಲಿ. ಅಂದರೆ ನಮ್ಮ ಅಜ್ಜಿ, ಅಮ್ಮಂದಿರ ಒಡವೆಗಳು ತಯಾರಾದ ಕಾಲದಲ್ಲಿ ಇದ್ದದ್ದು ಆಚಾರಿಯ ಮೇಲಿನ ನಂಬಿಕೆ ಒಂದೇ. ಮುದ್ರೆ ಇಲ್ಲ, ಕಾಗದ ಇಲ್ಲ. ನಮ್ಮ ಸರ ಕೂಡ ಅಜ್ಜಿಯ ಬೆಂಡೋಲೆ, ಎರಡು ಬಳೆ, ಒಂದು ಉಂಗುರ ಕರಗಿಸಿ ಮಾಡಿಸಿದ್ದು. ಅದರೊಳಗೆ ಎಷ್ಟು ಮನೆಯ ಚಿನ್ನ ಉಂಟೋ.

ನಾನು ಬಸ್ಸು ಹತ್ತಿ ಮಂಗಳೂರಿಗೆ ಹೋದೆ, ಒಡವೆಯ ಶುದ್ಧತೆ ನೋಡಿ ಮುದ್ರೆ ಒತ್ತುವ ಒಂದು ಹಾಲ್‌ಮಾರ್ಕಿಂಗ್ ಕೇಂದ್ರಕ್ಕೆ. ಬಹಳ ಜನರಿಗೆ ಗೊತ್ತಿಲ್ಲ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರುವ ಈ ಕೇಂದ್ರಗಳಿಗೆ ಅಂಗಡಿಯವರಷ್ಟೇ ಅಲ್ಲ, ನಾವೂ ಒಡವೆ ಹಿಡಿದುಕೊಂಡು ಹೋಗಬಹುದು. 4 ಒಡವೆಗಳವರೆಗೆ 200 ರೂಪಾಯಿ, ಮೇಲೆ ತೆರಿಗೆ. ವರದಿ ಕೊಡುತ್ತಾರೆ. ಸರಾಫರ ಕಲ್ಲಿಗೆ ಬೈದುಕೊಂಡು ಕೂರುವುದಕ್ಕಿಂತ ಇದು ಎಷ್ಟೋ ವಾಸಿ.

ಅಲ್ಲಿ ಎಕ್ಸ್‌ಆರ್‌ಎಫ್ ಯಂತ್ರ ಇತ್ತು. ಮೈಕ್ರೋವೇವ್ ಒಲೆಯಷ್ಟು ದೊಡ್ಡ ಪೆಟ್ಟಿಗೆ. ಒಡವೆ ಇಟ್ಟು ಮುಚ್ಚಳ ಹಾಕಿದರೆ ಅರ್ಧ ನಿಮಿಷಕ್ಕೆ ಪರದೆ ಮೇಲೆ ಚಿನ್ನ ಇಷ್ಟು, ತಾಮ್ರ ಇಷ್ಟು, ಬೆಳ್ಳಿ ಇಷ್ಟು ಎಂದು ಬರುತ್ತದೆ. ಒಳಗೆ ಆಗುವುದು ಏನೆಂದರೆ, ಎಕ್ಸ್‌ರೇ ಬಡಿದಾಗ ಲೋಹದ ಪರಮಾಣುವಿನ ಒಳಸುತ್ತಿನ ಎಲೆಕ್ಟ್ರಾನ್ ಒಂದು ಹೊರಗೆ ಹಾರುತ್ತದೆ. ಖಾಲಿಯಾದ ಜಾಗಕ್ಕೆ ಮೇಲಿನ ಸುತ್ತಿನಿಂದ ಇನ್ನೊಂದು ಇಳಿಯುತ್ತದೆ. ಇಳಿಯುವಾಗ ಅದೂ ಒಂದು ಎಕ್ಸ್‌ರೇ ಬಿಡುತ್ತದೆ, ಮತ್ತು ಅದರ ಶಕ್ತಿ ಒಂದೊಂದು ಲೋಹಕ್ಕೆ ಒಂದೊಂದು. ತಾಮ್ರದ್ದು 8 ಕಿಲೋ ಎಲೆಕ್ಟ್ರಾನ್ ವೋಲ್ಟ್, ಚಿನ್ನದ್ದು 9.7, ಬೆಳ್ಳಿಯದ್ದು 22. ಯಾವುದರಿಂದ ಎಷ್ಟು ಬಂತು ಎಂದು ಯಂತ್ರ ಎಣಿಸುತ್ತದೆ. ಒಡವೆಗೆ ಗೀರೂ ಬೀಳುವುದಿಲ್ಲ.

ಅಲ್ಲಿದ್ದ ಹುಡುಗ ಮೊದಲು ಕೇಳಿದ್ದು "ತೊಳೆದಿದ್ದೀರಾ?" ಅಂತ. ಅಮ್ಮ ಹಿಂದಿನ ದಿನವೇ ಅಂಟುವಾಳದ ನೀರಲ್ಲಿ ನೆನೆಸಿ ಉಜ್ಜಿದ್ದರು, ಬಚಾವಾದೆ. ಅವನು ಮೂರು ಜಾಗದಲ್ಲಿ ನೋಡಿದ. ಕೊಂಡಿಯ ನಡುವೆ 21.6 ಕ್ಯಾರೆಟ್. ಎರಡು ಕೊಂಡಿ ಸೇರುವಲ್ಲಿ 19.1. ಹಿಂದಿನ ಕೊಕ್ಕೆಯಲ್ಲಿ 18.4. ಕೊಕ್ಕೆ ಯಾವಾಗಲೋ ಮುರಿದು ಬೇರೆ ಹಾಕಿಸಿದ್ದು ಅಂತ ಅಮ್ಮನಿಗೆ ಮನೆಗೆ ಬಂದು ಹೇಳಿದ ಮೇಲೆ ನೆನಪಾಯಿತು.

ಈಗ ಹೇಳಿ, ನಮ್ಮ ಸರ ಎಷ್ಟು ಕ್ಯಾರೆಟ್? ಸರಾಫರು ಸುಳ್ಳು ಹೇಳಿದರಾ? ಇಲ್ಲ. ಅಮ್ಮ ಸುಳ್ಳು ಹೇಳಿದರಾ? ಅದೂ ಇಲ್ಲ, 21.6 ಅಂದರೆ ಬಾಯಿಮಾತಿನಲ್ಲಿ 22 ಅನ್ನುವಷ್ಟು ಹತ್ತಿರವೇ.

ಯಂತ್ರ ಹೇಳಿದ ಮೇಲೆ ಮುಗಿಯಿತು ಅಂತ ಅಂದುಕೊಳ್ಳಬೇಡಿ. ಎಕ್ಸ್‌ಆರ್‌ಎಫ್ ನೋಡುವುದು ಚರ್ಮವನ್ನು, ಹೊಟ್ಟೆಯನ್ನಲ್ಲ. ಚಿನ್ನ ಎಷ್ಟು ದಟ್ಟ ಲೋಹ ಎಂದರೆ, ಒಳಗಿನಿಂದ ಹೊರಡುವ ಆ ಕಿರಣ ಅದರಲ್ಲೇ ಹೀರಿಹೋಗುತ್ತದೆ. ಯಂತ್ರಕ್ಕೆ ಕಾಣುವುದು ಮೇಲಿನ ಸುಮಾರು 10 ಮೈಕ್ರಾನ್, ತಲೆಕೂದಲಿನ ದಪ್ಪದ ಒಂದು ಸಣ್ಣ ಪಾಲು. ದಪ್ಪಗೆ ಗಿಲೀಟು ಮಾಡಿದ ಬಳೆ ಇಟ್ಟರೆ ಯಂತ್ರ ಚಿನ್ನ ಅಂತಲೇ ಹೇಳಿಬಿಡಬಹುದು. ಇನ್ನೊಂದು ಪೇಚು ಉಂಟು. ಒಡವೆಯನ್ನು ಆಸಿಡ್‌ನಲ್ಲಿ ಕಾಯಿಸಿ ಬಣ್ಣ ಬರಿಸುವಾಗ ಮೇಲ್ಮೈಯ ತಾಮ್ರ ಕರಗಿ ಹೋಗುತ್ತದೆ, ಮೇಲೆ ಚಿನ್ನವೇ ಉಳಿಯುತ್ತದೆ. ಆಗ ಮೋಸ ಮಾಡುವ ಉದ್ದೇಶ ಯಾರಿಗೂ ಇಲ್ಲದಿದ್ದರೂ ಯಂತ್ರ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಹಳೆ ಕಾಲದ ಟೊಳ್ಳು ಒಡವೆಯೊಳಗೆ ಅರಗು ತುಂಬಿದ್ದರೆ ಅದು ಯಂತ್ರಕ್ಕೆ ಕಾಣುವುದೇ ಇಲ್ಲ, ತಕ್ಕಡಿಗೆ ಮಾತ್ರ ಕಾಣುತ್ತದೆ.

ಹೊಟ್ಟೆ ನೋಡಬೇಕಾದರೆ ಬೆಂಕಿಗೆ ಹಾಕಬೇಕು. ನಮ್ಮ ಭಾಷೆಯಲ್ಲಿ ಎರಡು ಪರೀಕ್ಷೆಗೂ ಬೇರೆ ಬೇರೆ ಮಾತು ಇದೆ, ಗಮನಿಸಿದ್ದೀರಾ? 'ಒರೆಗೆ ಹಚ್ಚುವುದು' ಕಲ್ಲಿನ ಪರೀಕ್ಷೆ. 'ಪುಟಕ್ಕಿಟ್ಟ ಚಿನ್ನ' ಅಂದಾಗ ಬೆಂಕಿ. ನಾವು ಎರಡನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ, ಚಿನ್ನದ ಕೆಲಸದವರಿಗೆ ಎರಡರ ನಡುವೆ ಅಜಗಜಾಂತರ.

ಬೆಂಕಿ ಪರೀಕ್ಷೆ ಹೀಗೆ. ಒಡವೆಯಿಂದ ಕೆರೆದು ಅಥವಾ ಕತ್ತರಿಸಿ ತೆಗೆದ ಕಾಲು ಗ್ರಾಂನಷ್ಟು ಚೂರನ್ನು ಬಹಳ ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಾರೆ. ಅದಕ್ಕೆ ಲೆಕ್ಕ ಹಾಕಿ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆ ಬೂದಿ ಅಥವಾ ಮ್ಯಾಗ್ನೀಷಿಯಾದಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಸಾವಿರ ಡಿಗ್ರಿ ದಾಟಿದ ಕುಲುಮೆಗೆ ಹಾಕುತ್ತಾರೆ. ಸೀಸ ಗಾಳಿಯಲ್ಲಿ ಉರಿದು ಆಕ್ಸೈಡ್ ಆಗಿ, ಹೋಗುವಾಗ ತಾಮ್ರ, ಸತು ಎಲ್ಲವನ್ನೂ ತನ್ನ ಜೊತೆ ಎಳೆದುಕೊಂಡು ಬಟ್ಟಲೊಳಗೆ ಇಂಗಿಬಿಡುತ್ತದೆ, ಒಣ ನೆಲದಲ್ಲಿ ಮೊದಲ ಮಳೆ ಇಂಗಿದ ಹಾಗೆ. ಕೊನೆಗೆ ಒಂದು ಮಣಿ ಉಳಿಯುತ್ತದೆ, ಚಿನ್ನ ಮತ್ತು ಬೆಳ್ಳಿ ಮಾತ್ರ. ಅದನ್ನು ಬಡಿದು ತೆಳ್ಳಗೆ ಮಾಡಿ, ಸುರುಳಿ ಸುತ್ತಿ ನೈಟ್ರಿಕ್ ಆಸಿಡ್‌ನಲ್ಲಿ ಕುದಿಸುತ್ತಾರೆ. ಬೆಳ್ಳಿ ಕರಗಿ ಹೋಗುತ್ತದೆ. ಉಳಿದ ಚಿನ್ನ ನೋಡಿದರೆ ಚಿನ್ನದ ಹಾಗೆ ಕಾಣುವುದೇ ಇಲ್ಲ, ಕಂದು ಬಣ್ಣ, ಮುಟ್ಟಿದರೆ ಪುಡಿಯಾಗುವಂತಿರುತ್ತದೆ. ಮತ್ತೆ ಕಾಯಿಸಿದರೆ ಹಳದಿ ಹೊಳಪು ಬರುತ್ತದೆ. ಆಗ ತೂಗಿ, ಮೊದಲಿನ ತೂಕಕ್ಕೆ ಹೋಲಿಸಿದರೆ ಲೆಕ್ಕ ಸಿಕ್ಕಿತು.

ಇರುವ ಚಿನ್ನ ನೋಡಲು ಬೆಳ್ಳಿ ಯಾಕೆ ಸೇರಿಸಬೇಕು ಅಂತ ನನಗೂ ಅನಿಸಿತ್ತು. ಚಿನ್ನವೇ ಜಾಸ್ತಿ ಇದ್ದರೆ ಆಸಿಡ್ ಒಳಗೆ ನುಗ್ಗಲು ದಾರಿ ಇರುವುದಿಲ್ಲ, ಬೆಳ್ಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಚಿನ್ನದ ಎರಡೂವರೆ ಪಟ್ಟಿನಷ್ಟು ಬೆಳ್ಳಿ ಇದ್ದರೆ ಪೂರ್ತಿ ಕರಗಿ ಹೊರಬರುತ್ತದೆ. ಎಷ್ಟೋ ನೂರು ವರ್ಷಗಳಿಂದ ಇದೇ ವಿಧಾನ ನಡೆದುಬಂದಿದೆ, ಇವತ್ತಿಗೂ ತಕರಾರು ಬಂದಾಗ ಕೊನೆಯ ಮಾತು ಇದರದ್ದೇ. ಸರಿಯಾಗಿ ಮಾಡಿದರೆ ಸಾವಿರಕ್ಕೆ ಒಂದು ಪಾಲಿನಷ್ಟೂ ತಪ್ಪು ಬರುವುದಿಲ್ಲ. ಅದಕ್ಕೂ ಒಂದು ಕುರುಡುತನ ಇದೆ. ಇರಿಡಿಯಂನಂಥ ಲೋಹದ ಪುಡಿ ಸೇರಿಸಿದ್ದರೆ ಅದು ಸೀಸದ ಜೊತೆ ಹೋಗುವುದಿಲ್ಲ, ಆಸಿಡ್‌ಗೂ ಕರಗುವುದಿಲ್ಲ, ಚಿನ್ನದ ತೂಕದಲ್ಲೇ ಸೇರಿ ಕೂತಿರುತ್ತದೆ. ಅದನ್ನು ಹಿಡಿಯಲು ಮತ್ತೆ ಎಕ್ಸ್‌ಆರ್‌ಎಫ್ ಬೇಕು. ಒಂದರ ಕುರುಡಿಗೆ ಇನ್ನೊಂದರ ಕಣ್ಣು. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಮೊದಲು ಯಂತ್ರದಲ್ಲಿ ನೋಡಿ, ಆಮೇಲೆ ಲಾಟಿನಿಂದ ಕೆಲವು ಒಡವೆ ಆಯ್ದು ಬೆಂಕಿಗೆ ಹಾಕುವುದು ಅದಕ್ಕೇ.

ಮನೆಯಲ್ಲೇ ನೋಡಬಹುದು ಎಂದು ಯೂಟ್ಯೂಬ್‌ನಲ್ಲಿ ಬರುವ ವಿನೆಗರ್, ಆಯಸ್ಕಾಂತದ ಆಟ ಬಿಟ್ಟುಬಿಡಿ. ತಾಮ್ರ, ಬೆಳ್ಳಿ, ಹಿತ್ತಾಳೆ ಯಾವುದನ್ನೂ ಆಯಸ್ಕಾಂತ ಎಳೆಯುವುದಿಲ್ಲ. ನೀರಲ್ಲಿ ಮುಳುಗಿಸಿ ತೂಗುವ ಆರ್ಕಿಮಿಡೀಸ್ ಉಪಾಯಕ್ಕೆ ಸ್ವಲ್ಪ ಅರ್ಥ ಉಂಟು. 22 ಕ್ಯಾರೆಟ್‌ನ 8 ಗ್ರಾಂ ಪವನು ಸುಮಾರು 0.45 ಗ್ರಾಂ ನೀರನ್ನು ತಳ್ಳಬೇಕು. ಅಡುಗೆಮನೆಯ ತಕ್ಕಡಿಯಲ್ಲಿ ಇದು ಆಗದ ಕೆಲಸ. ಟಂಗ್‌ಸ್ಟನ್ ಬೇರೆ ಚಿನ್ನದಷ್ಟೇ ಭಾರ, ನೀರಿನ ಲೆಕ್ಕದಲ್ಲಿ ಸಿಕ್ಕಿಬೀಳುವುದಿಲ್ಲ.

ಹೊಸ ಒಡವೆಯ ಕಥೆ ಬೇರೆ, ಅಲ್ಲಿ ಪರಿಸ್ಥಿತಿ ನಿಜವಾಗಿಯೂ ಸುಧಾರಿಸಿದೆ. 2021ರ ಜೂನ್ 16ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆ ಇರುವ 6 ಅಕ್ಷರ, ಅಂಕಿಗಳ ಗುರುತು ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆ ಅಂಗಡಿಯಲ್ಲಿ ಮಾರುವಂತಿಲ್ಲ. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಅಂಗಡಿ, ಯಾವ ಕೇಂದ್ರ, ಎಂಥ ಒಡವೆ, ಎಷ್ಟು ಶುದ್ಧತೆ ಎಂದು ಬರುತ್ತದೆ. ನಿಮ್ಮ ಕೈಯಲ್ಲಿರುವುದು ಬಳೆ, ಆಪ್‌ನಲ್ಲಿ ಉಂಗುರ ಅಂತ ಬಂದರೆ ಅಂಗಡಿಯಿಂದ ಎದ್ದು ಬನ್ನಿ. ಶುದ್ಧತೆ ಕಡಿಮೆ ಬಂದರೆ ಕೊರತೆಯಾದ ಮೊತ್ತದ ಎರಡು ಪಟ್ಟು ಮತ್ತು ಪರೀಕ್ಷೆಯ ಖರ್ಚು ಕೊಡಬೇಕು ಎಂದು 2018ರ ಬಿಐಎಸ್ ನಿಯಮದಲ್ಲೇ ಇದೆ. ಹಾಲ್‌ಮಾರ್ಕ್ ತ್ರಿಕೋನ ಕಂಡ ಕೂಡಲೇ 22 ಕ್ಯಾರೆಟ್ ಅಂದುಕೊಳ್ಳುವವರು ಪಕ್ಕದ ಸಂಖ್ಯೆಯನ್ನೂ ಓದಬೇಕು. 916 ಅಂದರೆ ಮಾತ್ರ 22. 2025ರ ಜುಲೈಯಿಂದ 9 ಕ್ಯಾರೆಟ್‌ಗೂ ಹಾಲ್‌ಮಾರ್ಕ್ ಬಂದಿದೆ, ಅದರ ಮೇಲೆ 375 ಇರುತ್ತದೆ, ಅಂದರೆ ಅರ್ಧಕ್ಕಿಂತ ಎಷ್ಟೋ ಕಡಿಮೆ ಚಿನ್ನ.

ಆದರೆ ನಮ್ಮ ಕಡೆ ಅಡವಿಡುವುದು ಹೊಸ ಒಡವೆಗಿಂತ ಹಳೆಯದನ್ನೇ ಜಾಸ್ತಿ. ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಜಿಲ್ಲೆಗಳಿವು (ನಾನು ಹೋದದ್ದು ಆ ಐದರಲ್ಲಿ ಒಂದಲ್ಲ, ಸುಮ್ನೆ ಊಹಿಸಬೇಡಿ). ಚಿನ್ನ ಇಟ್ಟು ಸಾಲ ತೆಗೆಯುವುದು ನಮಗೆ ನಾಚಿಕೆಯ ವಿಷಯವೂ ಅಲ್ಲ, ಅಡಿಕೆ ಮಾರಿದಾಗ ಬಿಡಿಸಿದರಾಯಿತು.

ಇಲ್ಲಿಗೇ ಬಂತು ನೋಡಿ ರಿಸರ್ವ್ ಬ್ಯಾಂಕಿನ ಹೊಸ ನಿಯಮ. 2025ರ ಜೂನ್‌ನಲ್ಲಿ ಹೊರಬಂತು, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಜಾರಿಗೆ ತರಬೇಕು ಎಂದಿತ್ತು. ಎಲ್ಲರೂ ಮಾತಾಡಿದ್ದು ಸಾಲದ ಪ್ರಮಾಣದ ಬಗ್ಗೆ. ಮನೆ ಖರ್ಚಿನ ಸಾಲ ಎರಡೂವರೆ ಲಕ್ಷದವರೆಗೆ ಆದರೆ ಚಿನ್ನದ ಬೆಲೆಯ ಶೇ. 85, ಅದರ ಮೇಲೆ 5 ಲಕ್ಷದವರೆಗೆ ಶೇ. 80, ಇನ್ನೂ ಜಾಸ್ತಿಗೆ ಶೇ. 75. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಶುದ್ಧತೆ ನೋಡುವಾಗ ಸಾಲ ತೆಗೆಯುವವರು ಎದುರಿಗೇ ಇರಬೇಕು. ಎಷ್ಟು ಕ್ಯಾರೆಟ್, ಒಟ್ಟು ತೂಕ ಎಷ್ಟು, ಕಲ್ಲು, ಅರಗು, ದಾರಕ್ಕೆ ಎಷ್ಟು ಕಳೆದರು ಎಂದು ಬರೆದು ಸರ್ಟಿಫಿಕೇಟ್ ಕೊಡಬೇಕು. ಒಂದು ಸಂಸ್ಥೆಯ ಎಲ್ಲ ಶಾಖೆಗಳಲ್ಲೂ ಒಂದೇ ವಿಧಾನ ಇರಬೇಕು. ಶೇ. 80ರ ಜಗಳಕ್ಕಿಂತ ಮೊದಲು, ಯಾವುದರ 80 ಅನ್ನುವ ಪ್ರಶ್ನೆ ಅಲ್ವಾ? ನಮ್ಮ ಸರದ ಲೆಕ್ಕದಲ್ಲಿ 22 ಕ್ಯಾರೆಟ್ ಆದರೆ 2 ಲಕ್ಷದ 93 ಸಾವಿರ ಸಾಲ, 20 ಆದರೆ 2 ಲಕ್ಷದ 66 ಸಾವಿರ ಚಿಲ್ಲರೆ.

ಸರಾಫರನ್ನು ಕಳ್ಳ ಅಂತ ಕರೆಯಲು ನನಗೆ ಮನಸ್ಸಿಲ್ಲ. ಹೆಚ್ಚಿನ ಕಡೆ ಅವರು ಬ್ಯಾಂಕಿನ ನೌಕರರೇ ಅಲ್ಲ, ಕಮಿಷನ್ ಮೇಲೆ ಬರುವವರು. ನಕಲಿ ಒಡವೆಗೆ 22 ಅಂತ ಬರೆದುಕೊಟ್ಟರೆ ನಾಳೆ ಪೊಲೀಸು ಹುಡುಕಿಕೊಂಡು ಬರುವುದು ಅವರ ಮನೆಗೆ. ಅಸಲಿಗೆ 20 ಅಂತ ಬರೆದರೆ ಅವರಿಗೆ ಯಾವ ನಷ್ಟವೂ ಇಲ್ಲ, ನಷ್ಟ ನಮಗೆ. ಹಾಗಿರುವಾಗ ಯಾರೇ ಕೂತರೂ ಕೈ ಕೆಳಗೇ ಬಾಗುತ್ತದೆ. ಬ್ಯಾಂಕುಗಳು ಇದನ್ನು ಸರಿ ಮಾಡದೆ, ಗ್ರಾಹಕರು ಎದುರಿಗೆ ಕೂತ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆ ಅಂದರೆ ನಾನು ನಂಬುವುದಿಲ್ಲ. ಎದುರಿಗೆ ಕೂತವರಿಗೆ ಏನು ಕೇಳಬೇಕು ಅಂತ ಗೊತ್ತಿದ್ದರೆ ಸ್ವಲ್ಪ ಪ್ರಯೋಜನ ಆಗಬಹುದು, ಅಷ್ಟೆ. ಎರಡು ಮೂರು ಜಾಗದಲ್ಲಿ ಉಜ್ಜಿ ನೋಡಿ ಅನ್ನಿ. ಕೊಕ್ಕೆಯಲ್ಲಿ ಉಜ್ಜಿದರೆ ಕೊಂಡಿಯಲ್ಲೂ ಉಜ್ಜಲು ಹೇಳಿ.

ಹಳೆಯದು ಕೊಟ್ಟು ಹೊಸದು ತೆಗೆದುಕೊಳ್ಳುವವರಿಗೂ ಒಂದು ಮಾತು. ಅಂಗಡಿಯವರು "ಕರಗಿಸಿ ನೋಡುವ" ಅಂದಾಗ ಕೂಡಲೇ ತಲೆ ಆಡಿಸಬೇಡಿ. ಕರಗಿಸಿದ ಗಟ್ಟಿಯನ್ನು ನೋಡುವುದೇ ಸರಿಯಾದ ಸರಾಸರಿ, ಅದು ಹೌದು. ಆದರೆ ಒಮ್ಮೆ ಕರಗಿದರೆ ನಿಮ್ಮ ಕೈಯಲ್ಲಿ ಬೆಲೆ ಮಾತಾಡಲು ಏನೂ ಉಳಿಯುವುದಿಲ್ಲ, ಬೇರೆ ಅಂಗಡಿಗೆ ಹೋಗಲು ಒಡವೆಯೂ ಇಲ್ಲ. ಕರಗಿಸುವ ಮೊದಲೇ ಕೇಂದ್ರದ ವರದಿ ಮಾಡಿಸಿಟ್ಟುಕೊಳ್ಳಿ, ಕರಗಿಸುವಾಗ ಎದುರು ನಿಲ್ಲಿ, ಮೊದಲಿನ ತೂಕ, ಆಮೇಲಿನ ತೂಕ ಎರಡೂ ಬರೆದುಕೊಳ್ಳಿ, ಗಟ್ಟಿಯ ಎರಡೂ ಬದಿ ಯಂತ್ರದಲ್ಲಿ ನೋಡಲು ಹೇಳಿ.

ನಾನು ಮಂಗಳೂರಿನ ಕಾಗದ ಹಿಡಿದು ಮತ್ತೆ ಅದೇ ಬ್ಯಾಂಕಿಗೆ ಹೋದೆ. ಸರಾಫರು ಕಾಗದ ನೋಡಿ "ಇದು ನಮಗೆ ಲೆಕ್ಕಕ್ಕಿಲ್ಲ" ಅಂದರು. ಆದರೂ ಕಲ್ಲು ತೆಗೆದರು. ಈ ಸಲ ಕೊಂಡಿಯ ನಡುವೆಯೂ ಉಜ್ಜಿದರು, ಸೇರಿಕೆಯಲ್ಲೂ ಉಜ್ಜಿದರು, ಸ್ವಲ್ಪ ಹೊತ್ತು ಸುಮ್ಮನೆ ಕೂತು 21 ಅಂತ ಬರೆದರು. ಮಾಡಿಗೆ ಶೀಟು ಬಂತು.

ರಾತ್ರಿ ಅಮ್ಮನಿಗೆ ಎಲ್ಲ ವಿವರಿಸಿದೆ, ಬೆಂಕಿ, ಸೀಸ, ಬಟ್ಟಲು ಎಲ್ಲ. ಪೂರ್ತಿ ಸರದ ಸರಿಯಾದ ಲೆಕ್ಕ ಬೇಕಾದರೆ ಕರಗಿಸಲೇಬೇಕು ಅಂದೆ. "ಹಾಗಾದರೆ ಗೊತ್ತಾಗುವುದು ಬೇಡ" ಅಂದರು.